ಆಂಜಿನಯ್ಯ ಕದ್ದ ಉಸಿರು

ಆಂಜಿನಯ್ಯ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕಬಡ್ಡಿ ಕಬಡ್ಡಿ’ ಎಂದು ಶುರುಮಾಡಿದನೆಂದರೆ, ಅಲ್ಲಿಂದ ಹೊರಟ ಮೈಸೂರು ಬಸ್ಸು ರಾಮನಗರ ದಾಟಿ, ಮದ್ದೂರಿನಲ್ಲಿ ನಿಂತು, ಡ್ರೈವರು ಇಳಿದು ವಡೆ ತಿಂದು ಕೈ ತೊಳೆಯುವ ತನಕ ಅವನ ಉಸಿರು ಮುಗಿಯುತ್ತಿರಲಿಲ್ಲ. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ಹೋಗಲಿ, ಮದ್ದೂರು ಬೇಡ. ಬಿಡದಿ ತನಕವಂತೂ ಖಂಡಿತ.

ಚಾಮರಾಜಪೇಟೆಯ ಜನಕ್ಕೆ ಅವನು ಕಬಡ್ಡಿ ಆಡುತ್ತಿದ್ದದ್ದು ಅಷ್ಟಾಗಿ ಗೊತ್ತಿಲ್ಲ. ಅವರಿಗೆ ಅವನು ನೀರು ಬಿಡುವ ಆಂಜಿನಯ್ಯ. ಆಟದ ಹೆಸರಿನಲ್ಲಿ ಸಿಕ್ಕ ಸರ್ಕಾರಿ ಕೆಲಸ ಅದು. ಆಳೆತ್ತರದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀದಿಬೀದಿಯಲ್ಲಿ ನೆಲದೊಳಗಿನ ವಾಲ್ವ್ ತಿರುಗಿಸುತ್ತಾ ಹೋಗುತ್ತಿದ್ದ. ಸೋದರಮಾವನ ಹೆಸರು ಮರೆತವರಿಗೂ ಅವನ ಹೆಸರು ಮರೆಯುತ್ತಿರಲಿಲ್ಲ. ಮದುವೆ ಮನೆಯವರು ಮೊದಲ ಆಮಂತ್ರಣ ಪತ್ರಿಕೆ ದೇವರ ಮುಂದಿಟ್ಟು ಎರಡನೆಯದನ್ನು ಇವನ ಕೈಗೆ ಕೊಡುತ್ತಿದ್ದರು. ದೇವರು ಬರದಿದ್ದರೂ ಮದುವೆ ನಡೆಯುತ್ತದೆ, ನೀರು ಬರದಿದ್ದರೆ ಹೇಗೆ?

ನಾನು ಬಸವನಗುಡಿಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ದೊರೆಸ್ವಾಮಿ ಎಂದು ಹೆಸರು. ನಮ್ಮ ತಂದೆ ನಾಮ ಹಾಕಿಕೊಂಡು ಪೂಜೆಗೆ ಕೂತರೆ ನಾನು ಚಡ್ಡಿ ಹಾಕಿಕೊಂಡು ಮಣ್ಣಿನ ಕೋರ್ಟಿಗೆ ಹೊರಡುತ್ತಿದ್ದೆ. ಭಾನುವಾರಗಳಲ್ಲಿ ಕಬಡ್ಡಿ ಅಂಪೈರ್. ಪೇಟೆಯ ಕಡೆ ಆಗ ಗಲ್ಲಿಗೊಂದು ತಂಡ. ಮಾಮೂಲ್‌ಪೇಟೆಯ ತಂಡದ ಹುಡುಗರು ಎಷ್ಟು ಜಗಳಗಂಟರೆಂದರೆ, ನಾನು ಸೀಟಿ ಊದುವ ಮುಂಚೆ ಓಡಿಹೋಗುವ ದಾರಿ ನೋಡಿಟ್ಟುಕೊಳ್ಳುತ್ತಿದ್ದೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಎದುರಾಳಿಯ ಅಂಗಳಕ್ಕೆ ನುಗ್ಗಿದವನು ಅಲ್ಲಿನ ಏಳು ಜನರಿಂದ ತಪ್ಪಿಸಿಕೊಂಡು ವಾಪಸು ನಡುಗೆರೆ ಮುಟ್ಟುವ ತನಕ ಒಂದೇ ಉಸಿರಿನಲ್ಲಿ ಕಬಡ್ಡಿ ಅನ್ನುತ್ತಲೇ ಇರಬೇಕು. ಅದಕ್ಕೆ ದಮ್ ಎನ್ನುತ್ತಾರೆ. ಮಧ್ಯೆ ಇನ್ನೊಂದು ಉಸಿರು ಎಳೆದುಕೊಂಡರೆ ದಮ್ ಹೋಯಿತು, ಆಸಾಮಿ ಔಟು. ಆಂಜಿನಯ್ಯನ ದಮ್ ದೊಡ್ಡದೇ, ಸುಳ್ಳಲ್ಲ. ಆದರೆ ಅದು ಮುಗಿದ ಮೇಲೆ ಅವನು ಕದಿಯುತ್ತಿದ್ದ. ಒಂದು ‘ಡ್ಡಿ’ಗೂ ಮುಂದಿನ ‘ಕ’ಕ್ಕೂ ನಡುವೆ, ಬಾಯಿ ಆಡುತ್ತಲೇ ಇರುವಾಗ, ಸದ್ದಿಲ್ಲದೆ ಒಂದು ಗುಟುಕು ಗಾಳಿ ಒಳಗೆ ಹೋಗುತ್ತಿತ್ತು. ಕಿವಿ ಎಷ್ಟು ಚುರುಕಾಗಿದ್ದರೂ ಸಿಗುತ್ತಿರಲಿಲ್ಲ. ನಾನು ಕಿವಿ ಬಿಟ್ಟು ಕಣ್ಣು ಹಿಡಿದೆ. ಕದಿಯುವ ಕ್ಷಣಕ್ಕೆ ಅವನ ಕೊರಳ ಬುಡದಲ್ಲಿ, ಎಲುಬಿನ ಮೇಲಿನ ಗುಳಿ ಸಟ್ಟನೆ ಒಳಕ್ಕೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಅವನು ಆಡುವಾಗ ನಾನು ಕಾಲೂ ನೋಡಲಿಲ್ಲ, ಕೈಯೂ ನೋಡಲಿಲ್ಲ, ಆ ಗುಳಿಯೊಂದನ್ನೇ ನೋಡಿದೆ. ಅವನು ಕೊರಳಿಗೆ ಕರ್ಚೀಫು ಕಟ್ಟಿಕೊಂಡು ಬರಲು ಶುರುಮಾಡಿದ. ನಾನು ಬಿಚ್ಚಿಸಿದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಹೋದ ವರ್ಷ ಅವನಿಗೆ ಹೃದಯದ ಬೈಪಾಸ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಉಸಿರಾಟದ ಮಿಷಿನ್ನಿನಿಂದ ಬಿಡಿಸಲು ಡಾಕ್ಟರರಿಗೆ ಕಷ್ಟವಾಯಿತು. ಬಾಯಿಗೆ ಹಾಕಿದ ಪೈಪು ತೆಗೆದರು, ಮತ್ತೆ ಹಾಕಿದರು, ಕೊನೆಗೆ ತೆಗೆದರು. ಮನೆಗೆ ಬಂದಾಗ ಎಲ್ಲರೂ ಎಂಜಿನ್ ಹೊಸದಾಯಿತು ಬಿಡಪ್ಪಾ ಎಂದರು. ಆಂಜಿನಯ್ಯನೂ ನಕ್ಕ. ಆಸ್ಪತ್ರೆಯವರು ಉಸಿರೆಳೆದು ಅಭ್ಯಾಸ ಮಾಡಲೆಂದು ಕೊಟ್ಟಿದ್ದ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯನ್ನು ಎತ್ತಿ, ಒಂದೇ ಎಳೆತಕ್ಕೆ ಮೂರನ್ನೂ ಮೇಲೇರಿಸಿ ತೋರಿಸಿದ. ಡಬ್ಬಿಯನ್ನು ಕೊಂಚ ಓರೆ ಹಿಡಿದರೆ ಚೆಂಡು ಸುಲಭವಾಗಿ ಏರುತ್ತದೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅವನು ದೊಡ್ಡದಾಗಿ ಹೇಳಿಕೊಂಡ ಇನ್ನೊಂದು ವಿಷಯವಿತ್ತು. ಮನೆಗೆ ಕಳಿಸುವ ಮುಂಚೆ ಉಸಿರಾಟದ ಡಾಕ್ಟರು, ಪ್ರಿಯಂವದಾ ಎನ್ನುವ ಹೆಣ್ಣುಮಗಳು, ಒಂದೇ ಉಸಿರಿನಲ್ಲಿ ಎಷ್ಟು ತನಕ ಎಣಿಸುತ್ತೀರಿ ನೋಡೋಣ ಎಂದಳಂತೆ. ಎಷ್ಟು ದೂರ ಎಣಿಸಿದರೆ ಎದೆಯ ಸ್ನಾಯುಗಳಲ್ಲಿ ಅಷ್ಟು ಬಲ ಇದೆ ಎಂದು ಲೆಕ್ಕ. ಇವನು ಐವತ್ತು ಮುಟ್ಟಿದ. ಡಾಕ್ಟರು ಚಪ್ಪಾಳೆ ತಟ್ಟಿದಳು. ಪಕ್ಕದ ಹಾಸಿಗೆಯವರೂ ತಟ್ಟಿದರು. ಕಬಡ್ಡಿ ಆಡಿದ ಎದೆ ಎಂದು ಹೆಂಡತಿ ನಾರಾಯಣಮ್ಮ ಹೆಮ್ಮೆಯಿಂದ ಹೇಳಿದಳು. ಇಡೀ ಬೀದಿಗೆ ಸುದ್ದಿ ಹೋಯಿತು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಐವತ್ತು ಇನ್ನೂರಾಗಿತ್ತು, ಅದರಲ್ಲಿ ನನ್ನ ಕೈವಾಡವೂ ಸ್ವಲ್ಪ ಇತ್ತು.

ಆದರೆ ಮನುಷ್ಯ ಒಂದು ಕಡೆ ನಿಲ್ಲುವುದನ್ನು ಬಿಟ್ಟ. ಆಟೋದಲ್ಲಿ ನಮ್ಮ ಮನೆಗೆ ಬರುತ್ತಿದ್ದ, ಕೂರುತ್ತಿದ್ದ, ಕಾಫಿ ಬರುವಷ್ಟರಲ್ಲಿ ಎದ್ದು ಬಾಗಿಲಿಗೆ ಹೋಗುತ್ತಿದ್ದ, ಮತ್ತೆ ಬಂದು ಬೇರೆ ಕುರ್ಚಿಯಲ್ಲಿ ಕೂರುತ್ತಿದ್ದ. ಚಪ್ಪಲಿಯ ಉಂಗುಷ್ಟ ಸರಿಮಾಡಲು ಬಗ್ಗಿದರೆ ಮುಖ ಕಪ್ಪಿಡುತ್ತಿತ್ತು. ನಾನು ಕಥೆ ಹೇಳುತ್ತಿರುವಾಗಲೇ ತೂಕಡಿಸಿ, ಬೆಚ್ಚಿ ಎದ್ದು, ಎಲ್ಲಿದ್ದೇನೆ ಎಂದು ನೋಡುತ್ತಿದ್ದ. ನನ್ನ ಕಥೆಗೆ ಜನ ತೂಕಡಿಸುವುದು ಹೊಸದಲ್ಲ. ಆದರೆ ಬೆಚ್ಚಿ ಏಳುವುದು ಹೊಸದು. ನನ್ನ ಹೆಂಡತಿ ಆಂಡಾಳ್‌ಗೆ ಅವನನ್ನು ನೋಡಿದರೆ ತಾನೂ ಕೂತಲ್ಲಿ ಕೂರಲಾಗುವುದಿಲ್ಲ ಅನ್ನಿಸುತ್ತಿತ್ತು.

ಒಂದು ದಿನ ನಾರಾಯಣಮ್ಮ ಫೋನ್ ಮಾಡಿ ವಿಷಯ ಹೇಳಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಮಂಚದ ಮೇಲೆ ಬೆನ್ನು ಹಾಕಿಯೇ ಇಲ್ಲವಂತೆ. ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ದಿಂಬು ಪೇರಿಸಿ, ಅದರ ಮೇಲೆ ತಲೆ ಇಟ್ಟು ಹೊತ್ತು ಕಳೆಯುತ್ತಾನೆ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ ಎನ್ನುತ್ತಾನೆ. ಕೇಳಿದರೆ ಹೊಲಿಗೆ ನೋವು ಎನ್ನುತ್ತಾನೆ. ಹೊಲಿಗೆ ಮಾಯ್ದು ಎಷ್ಟೋ ಕಾಲವಾಗಿದೆ. ಮಗಳು ಸೌಂದರ್ಯಾ ಗ್ಯಾಸ್ ಇರಬೇಕು ಎಂದು ಓಮಿನ ಕಾಳಿನ ನೀರು ಕುಡಿಸಿದಳು. ಪಕ್ಕದ ಮನೆಯ ಪಾರ್ವತಮ್ಮ ಇಂಗು ಸೂಚಿಸಿದಳು. ನಮ್ಮ ಕಡೆ ಎದೆಯಿಂದ ಮಂಡಿಯ ತನಕ ಏನೇ ಆದರೂ ಅದು ಗ್ಯಾಸೇ.

ಮಾರನೆಯ ಸಂಜೆ ಅವನು ಬಂದ. ಬಂದವನೇ ನಿಂತುಕೊಂಡೇ, ವಿಶ್ವೇಶ್ವರಪುರಂ ಕಡೆ ಒಂದು ಸುತ್ತು ಹೋಗಿಬರೋಣ ಎಂದ. ಆಗಷ್ಟೇ ತಿಂಡಿ ಬೀದಿಯಲ್ಲಿ ಹೆಂಚು ಕಾಯುತ್ತಿತ್ತು. ಆಂಜಿನಯ್ಯ ಮೊದಲ ಅಂಗಡಿಯ ಮುಂದೆ ನಿಂತು ಹೋಳಿಗೆ ಬೇಯುವುದನ್ನು ನೋಡಿದ. ಎರಡನೆಯದರ ಮುಂದೆ ನಿಂತು ಪಡ್ಡಿನ ಹದ ವಿಚಾರಿಸಿದ. ಮೂರನೆಯದರ ಮುಂದೆ ಮೆಣಸಿನಕಾಯಿ ಎಲ್ಲಿಯದು ಎಂದು ಕೇಳಿದ. ತಗೊಳ್ಳುವುದು ಮಾತ್ರ ಏನೂ ಇಲ್ಲ. ಬಜ್ಜಿಯವನು ಇದ್ಯಾವ ಇನ್ಸ್‌ಪೆಕ್ಟರು ಎಂದುಕೊಂಡನೋ ಏನೋ, ಎಣ್ಣೆಯ ಬಾಣಲೆಗೆ ತಟ್ಟೆ ಮುಚ್ಚಿಬಿಟ್ಟ.

ಮೊದಲು ನನಗೆ ನಗು ಬಂತು. ಆಮೇಲೆ ಅಂಗಡಿಯ ದೀಪ ಅವನ ಕೊರಳ ಮೇಲೆ ಬಿತ್ತು. ಗುಳಿ ಒಳಕ್ಕೆ ಹೋಗುತ್ತಿತ್ತು, ಬರುತ್ತಿತ್ತು. ಪ್ರತಿ ಉಸಿರಿಗೂ. ಕೋರ್ಟಿಲ್ಲ, ಎದುರಾಳಿಯಿಲ್ಲ, ಬಾಯಲ್ಲಿ ಕಬಡ್ಡಿಯೂ ಇಲ್ಲ. ಮೆಣಸಿನಕಾಯಿ ನೋಡುತ್ತಾ ಸುಮ್ಮನೆ ನಿಂತಲ್ಲೇ ನನ್ನ ಗೆಳೆಯ ಉಸಿರು ಕದಿಯುತ್ತಿದ್ದ. ಅಂಗಡಿ ಅಂಗಡಿಗೂ ನಿಂತದ್ದು ಅದಕ್ಕೇ. ಐವತ್ತು ಎಣಿಸಿದ್ದು ಹೇಗೆ ಎನ್ನುವುದೂ ಆಗಲೇ ನನಗೆ ಹೊಳೆಯಿತು. 

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಅವನನ್ನು ಕೂರಿಸಿದೆ.

‘ಆಂಜಿ, ನೀನು ಮಲ್ಕೊಂಡು ಎಷ್ಟು ಕಾಲ ಆಯ್ತೋ?’

‘ನಾರಾಯಣಮ್ಮ ಹೇಳಿದ್ಲಾ?’

‘ನಿನ್ನ ಕೊರಳು ಹೇಳ್ತು.’

ಅವನ ಕೈ ತಾನಾಗಿ ಶರ್ಟಿನ ಮೇಲಿನ ಗುಂಡಿಗೆ ಹೋಯಿತು. 

‘ಮಲ್ಕೊಂಡ್ರೆ ಏಳು ಜನ ಸೇರಿ ಮೇಲೆ ಬಿದ್ದಂಗಾಗತ್ತೆ ಮೇಷ್ಟ್ರೇ. ಕೈ ಚಾಚ್ತೀನಿ, ಗೆರೆ ಸಿಗಲ್ಲ.’

‘ಇದನ್ನ ಡಾಕ್ಟ್ರಿಗೆ ಹೇಳೋದಲ್ವೇನೋ? ಅಲ್ಲೂ ಕದ್ಯಾ?’

‘ಹೇಳಿದ್ರೆ ಮತ್ತೆ ಪೈಪ್ ಹಾಕ್ತಾರೆ. ನಿಮಗೆ ಗೊತ್ತಿಲ್ಲ. ಇಡೀ ಚಾಮರಾಜಪೇಟೆಗೆ ನೀರು ಬಿಟ್ಟೋನು ನಾನು. ಅಲ್ಲಿ ಮಲಗಿದ್ರೆ ಯಾರೋ ನನಗೆ ಗಾಳಿ ಬಿಡ್ತಾವ್ರೆ. ಅವರು ಬಿಟ್ಟಾಗ ತಗೋಬೇಕು, ನಿಲ್ಸಿದಾಗ ನಿಲ್ಸಬೇಕು. ಬೇಡ ಅನ್ನಕ್ಕೆ ಬಾಯಿಲ್ಲ. ಇನ್ನೊಂದ್ಸಲ ನನ್ ಕೈಲಾಗಲ್ಲ ಮೇಷ್ಟ್ರೇ. ಅದಕ್ಕಿಂತ ಕುರ್ಚೀಲೇ ಹೋಗ್ಬಿಡ್ತೀನಿ.’

ಇಷ್ಟು ಹೇಳುವಷ್ಟರಲ್ಲಿ ಅವನು ನಾಲ್ಕಾರು ಸಲ ನಿಂತ. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ ಎಂದು ಕೇಳಿದ. ಅಂಪೈರು ಆಣೆ ಮಾಡುವ ಹಾಗಿಲ್ಲ, ರೂಲ್ಸ್‌ನಲ್ಲಿ ಇದೆ ಎಂದೆ. ಅಂಥ ರೂಲ್ ಎಲ್ಲೂ ಇಲ್ಲ. ಆಮೇಲೆ ನಾನು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ತೋರಿಸಲು ಹೋಗುವಾಗ ನಾನೂ ಜೊತೆಗೆ ಬರುತ್ತೇನೆ ಎನ್ನುವುದಕ್ಕೆ ಮಾತ್ರ ತಲೆಯಾಡಿಸಿದ.

ಆ ದಿನ ಬರುವ ತನಕ ನನಗೂ ನಿದ್ದೆ ಸರಿಯಾಗಲಿಲ್ಲ. ಅವನ ಗುಟ್ಟು ಕಾಯ್ದರೆ ಅವನು ಉಳಿಯುವುದಿಲ್ಲ, ಬಿಚ್ಚಿದರೆ ನಮ್ಮ ಸ್ನೇಹ ಉಳಿಯುವುದಿಲ್ಲ. ಫೋನು ಸದ್ದಾದರೆ ಸಾಕು, ನಾರಾಯಣಮ್ಮನೇ ಇರಬೇಕು ಎಂದು ಓಡುತ್ತಿದ್ದೆ. ತೆಗೆದರೆ ಯಾರೋ ಸಾಲ ಬೇಕೇ ಎಂದು ಕೇಳುವವರು. ಜೀವನದಲ್ಲಿ ಮೊದಲ ಸಲ ಅವರ ಮಾತನ್ನು ಸಂತೋಷವಾಗಿ ಕೇಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಿಯಂವದಾ ನಗುತ್ತಲೇ ಬರಮಾಡಿಕೊಂಡಳು. ನನ್ನ ಮಗಳ ವಯಸ್ಸು. ಹೇಗಿದ್ದೀರಿ ಎಂದು ಕೇಳಿದಳು. ಫಸ್ಟ್ ಕ್ಲಾಸ್ ಎಂದ ಈ ಕಳ್ಳ. ಹಾಗಾದರೆ ನಿಮ್ಮ ಐವತ್ತು ಇನ್ನೊಂದು ಸಲ ಆಗಲಿ ಎಂದಳು. ಆಂಜಿನಯ್ಯ ಬೆನ್ನು ನೆಟ್ಟಗೆ ಮಾಡಿ, ನನ್ನ ಕಡೆ ನೋಡದೆ, ಶುರುಮಾಡಿದ. ಕೊರಳ ಗುಂಡಿ ಹಾಕಿಕೊಂಡಿದ್ದ. ಆದರೆ ಶರ್ಟು ಹಳೆಯದು, ಆಪರೇಷನ್ ಆದ ಮೇಲೆ ಮೈ ಇಳಿದಿತ್ತು, ಕಾಲರು ಸಡಿಲ. ಹತ್ತು ದಾಟಿತು. ಹನ್ನೊಂದು ಎಂದ. ಗುಳಿ ಒಳಕ್ಕೆ ಹೋಯಿತು. ಹನ್ನೆರಡು ಎಂದ.

ನಾನು ಎದ್ದು ನಿಂತು ಕೈ ಎತ್ತಿದೆ.

‘ಔಟ್.’

ಕೈ ಎತ್ತಿ ಎಷ್ಟೋ ವರ್ಷವಾಗಿತ್ತು. ಭುಜದ ಕೀಲು ಕಟ್ ಎಂದ ಸದ್ದಿಗೆ ಪಕ್ಕದ ರೂಮಿನಲ್ಲಿ ನರ್ಸು ಏನೋ ಬೀಳಿಸಿದಳು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆಂಜಿನಯ್ಯ ಎಣಿಕೆ ನಿಲ್ಲಿಸಿ ನನ್ನನ್ನು ನೋಡಿದ. ಹಾಗೆ ಅವನು ಕೋರ್ಟಿನಲ್ಲೂ ನನ್ನನ್ನು ನೋಡಿರಲಿಲ್ಲ. ಡಾಕ್ಟರು ಗೌರವವಾಗಿಯೇ, ತಾವು ಹೊರಗೆ ಕೂರುತ್ತೀರಾ ಸಾರ್ ಎಂದು ಕೇಳಿದಳು.

‘ಹೋಗ್ತೀನಿ ತಾಯಿ. ಅದಕ್ಕೆ ಮುಂಚೆ ಇವನ ಕಾಲರ್ ಬಿಚ್ಚಿ, ಕೊರಳ ಬುಡ ನೋಡ್ಬಿಡು. ಕಿವಿ ಕೊಡಬೇಡ, ಕಣ್ಣು ಕೊಡು. ಇವನು ಮಧ್ಯ ಉಸಿರು ಕದೀತಾನೆ. ಕಬಡ್ಡೀಲಿ ಕಲ್ತಿದ್ದು.’

ಅವಳ ನಗು ನಿಂತಿತು. ಹತ್ತಿರ ಬಂದು, ಕಾಲರ್ ಸರಿಸಿ, ಎರಡು ಬೆರಳನ್ನು ಆ ಗುಳಿಯ ಮೇಲಿಟ್ಟು ಉಸಿರು ನೋಡಿದಳು. ಆಮೇಲೆ ಮಂಚದ ಮೇಲೆ ಮಲಗಿ ಎಂದಳು. ಈಗಷ್ಟೇ ತಿಂಡಿ ತಿಂದಿದ್ದೇನೆ ಎಂದ. ಪರವಾಗಿಲ್ಲ ಎಂದಳು. ಬೆನ್ನು ಹಿಡಿದಿದೆ ಎಂದ. ನಾನು ಹಿಡಿದುಕೊಳ್ಳುತ್ತೇನೆ ಎಂದಳು. ಕೊನೆಗೆ ಮಲಗಿದ. ಉಸಿರು ಎಳೆದಾಗ ನಮ್ಮ ನಿಮ್ಮ ಹೊಟ್ಟೆ ಉಬ್ಬುತ್ತದೆ. ಅವನದು ಒಳಕ್ಕೆ ಹೋಗುತ್ತಿತ್ತು. ಎರಡೂ ಕೈ ಮಂಚದ ಅಂಚನ್ನು ಹಿಡಿದಿದ್ದವು, ಬೆರಳು ಬೆಳ್ಳಗಾಗಿದ್ದವು. ಏಳು ಜನ ಮೇಲೆ ಬಿದ್ದದ್ದು ನನಗೇ ಕಂಡಂತಾಯಿತು. ಡಾಕ್ಟರು ತಡಮಾಡಲಿಲ್ಲ, ತಾನೇ ಕೈಕೊಟ್ಟು ಎಬ್ಬಿಸಿ ಕೂರಿಸಿದಳು.

ಆಮೇಲೆ ಸ್ಕ್ಯಾನ್ ಆಯಿತು. ನನ್ನನ್ನೂ ಒಳಗೆ ಬಿಟ್ಟರು. ಎದೆಗೂ ಹೊಟ್ಟೆಗೂ ನಡುವೆ ಬಿಚ್ಚಿದ ಕೊಡೆಯ ಹಾಗೆ ಒಂದು ಮಾಂಸದ ಪರದೆ ಇರುತ್ತದಂತೆ. ಉಸಿರಾಟದ ಮುಕ್ಕಾಲು ಕೆಲಸ ಅದರದ್ದು. ಮೂಗಿನಲ್ಲಿ ಒಮ್ಮೆ ಜೋರಾಗಿ ಎಳೆಯಿರಿ ಎಂದಾಗ ಸ್ಕ್ಯಾನಿನ ಟಿ.ವಿ.ಯಲ್ಲಿ ಅದರ ಬಲಗಡೆಯ ಗೆರೆ ಅರೆಮನಸ್ಸಿನಿಂದ ಸ್ವಲ್ಪ ಕೆಳಗಿಳಿಯಿತು. ಎಡಗಡೆಯದು ಇಳಿಯುವ ಬದಲು ಮೇಲಕ್ಕೆ ಹೋಯಿತು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದಳು. ಆಪರೇಷನ್ನಿನಲ್ಲಿ ಹೃದಯವನ್ನು ತಣ್ಣಗಿಡಲು ಸುತ್ತ ಐಸು ಹಾಕುವುದುಂಟು. ಆ ಪರದೆಗೆ ಅಪ್ಪಣೆ ಕೊಡುವ ನರ ಹೃದಯದ ಪಕ್ಕದಲ್ಲೇ ಇಳಿದು ಹೋಗುತ್ತದೆ. ಕೆಲವರಲ್ಲಿ ಆ ನರಕ್ಕೂ ಚಳಿ ಹತ್ತುತ್ತದೆ. ಯಾರ ತಪ್ಪೂ ಅಲ್ಲ. ಹೆಚ್ಚಿನವರಿಗೆ ತಿಂಗಳುಗಳ ಮೇಲೆ ಚೇತರಿಸುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಎಡಗಡೆ ಕೊಂಚ ಮೇಲಿದ್ದದ್ದನ್ನು ಅವಳು ನೋಡಿದ್ದಳು. ಆದರೆ ಐವತ್ತು ಎಣಿಸುವ ಮನುಷ್ಯನಿಗೆ ಅದರಿಂದ ತೊಂದರೆಯಿಲ್ಲ ಎಂದುಕೊಂಡಿದ್ದಳು. ನಿದ್ದೆಯಲ್ಲಿ ಕೆಟ್ಟ ಗಾಳಿ ಪೂರ್ತಿ ಹೊರಗೆ ಹೋಗದೆ ರಕ್ತದಲ್ಲಿ ಸೇರುತ್ತಿದೆ, ಬೆಳಗಿನ ತಲೆನೋವು ಅದರದ್ದೇ. ಹೀಗೇ ಬಿಟ್ಟಿದ್ದರೆ ಒಂದು ದಿನ ಎಚ್ಚರ ತಪ್ಪಿ ಬೀಳುತ್ತಿದ್ದರು, ಆಗ ಪೈಪು ಹಾಕದೆ ಗತಿಯಿರುತ್ತಿರಲಿಲ್ಲ ಎಂದಳು.

ಪೈಪು ಎನ್ನುವ ಮಾತು ಕಿವಿಗೆ ಬಿದ್ದದ್ದೇ ಆಂಜಿನಯ್ಯ ಎದ್ದ. ಶರ್ಟಿನ ಗುಂಡಿಗಳು ಬಿಚ್ಚಿದ ಹಾಗೇ ಇದ್ದವು. ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಹುಡುಕದೆ ಬಾಗಿಲಿಗೆ ಹೋದ. ನಾನು ಅಡ್ಡ ನಿಂತೆ. ಹಳೆಯ ಕಾಲವಾಗಿದ್ದರೆ ನನ್ನನ್ನು ಒಂದೇ ಭುಜದಲ್ಲಿ ತಳ್ಳಿ ಹೋಗುತ್ತಿದ್ದ. ಈಗ ಬಾಗಿಲ ಚೌಕಟ್ಟು ಹಿಡಿದು ನಿಂತ.

‘ಪೈಪ್ ಹಾಕ್ತೀರಾ?’ ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದ.

‘ಇಲ್ಲ. ಮಲಗೋವಾಗ ಮೂಗಿಗೊಂದು ಮಾಸ್ಕ್. ಪಕ್ಕದಲ್ಲಿ ಸಣ್ಣ ಮಿಷಿನ್. ನೀವು ಉಸಿರು ಎಳೆದ್ರೆ ಅದು ಹಿಂದಿನಿಂದ ಸ್ವಲ್ಪ ತಳ್ಳತ್ತೆ, ಅಷ್ಟೇ.’

‘ಯಾರು ಹಾಕ್ತಾರೆ?’

‘ನೀವೇ.’

‘ಬೇಡಾ ಅನ್ಸಿದ್ರೆ?’

‘ನೀವೇ ತೆಗೀರಿ. ಕೈಗೆ ಸಿಗೋ ಹಂಗೇ ಇರತ್ತೆ. ಆದ್ರೆ ನಿಮ್ಮ ನಿಜವಾದ ಲೆಕ್ಕ ಎಷ್ಟು ಅಂತ ನನಗೆ ಗೊತ್ತಾಗ್ಬೇಕು. ಅದಿಲ್ದೆ ನಾನು ಎಲ್ಲಿಂದ ಶುರು ಮಾಡ್ಲಿ?’

   ಆಂಜಿನಯ್ಯ ತಿರುಗಿ ಬಂದು ಸ್ಟೂಲಿನ ಮೇಲೆ ಕೂತ. ತಾನೇ ಕಾಲರನ್ನು ಎರಡು ಕಡೆಗೂ ಅಗಲಿಸಿದ. ಎಣಿಸಲು ಶುರುಮಾಡಿದ. ನನ್ನ ಕಣ್ಣು ಗುಳಿಯ ಮೇಲೆ. ಹತ್ತು ಬಂತು. ಹನ್ನೊಂದು ಬಂತು. ಅವನ ತುಟಿ ಹನ್ನೆರಡಕ್ಕೆ ಸಿದ್ಧವಾಯಿತು, ಗಂಟಲು ಕದಿಯಲು ಸಿದ್ಧವಾಯಿತು, ನನಗೆ ಕಂಡಿತು. ಅವನು ಬಾಯಿ ಮುಚ್ಚಿಕೊಂಡ. ಕೈಯನ್ನು ತಾನೇ ಮೇಲೆತ್ತಿದ.

‘ದಮ್ ಹೋಯ್ತು ಮೇಡಂ’ ಎಂದ.

ಅವನು ಆಡಿದ ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವನ ಬಾಯಿಂದ ನಾನು ಕೇಳಿರಲಿಲ್ಲ. ಡಾಕ್ಟರು ಈ ಸಲ ಚಪ್ಪಾಳೆ ತಟ್ಟಲಿಲ್ಲ. ಸರಿ ಎಂದು ಹೇಳಿ ಬರೆದುಕೊಂಡಳು.

ವಾಪಸು ಆಟೋದಲ್ಲಿ ಬಂದೆವು. ಅವನು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದ. ಚಾಮರಾಜಪೇಟೆಯಲ್ಲಿ ಇಳಿದ ಮೇಲೆ ತಲೆ ಬಗ್ಗಿಸಿ ಒಳಗೆ ನೋಡಿದ.

‘ನೀವು ನನಗೆ ಫ್ರೆಂಡಾ, ಅಂಪೈರಾ?’

‘ಭಾನುವಾರ ಮಾತ್ರ ಅಂಪೈರು.’

‘ಇವತ್ತು ಮಂಗಳವಾರ’ ಎಂದು ಹೇಳಿ ಹೋದ.

ಆಮೇಲೆ ಬಹಳ ದಿನ ನಮ್ಮ ಮನೆ ಕಡೆ ಬರಲಿಲ್ಲ. ಗೇಟು ಸದ್ದಾದರೆ ನಾನು ಎದ್ದು ನೋಡುವುದು, ಪೇಪರಿನವನೋ ಗ್ಯಾಸಿನವನೋ ಎಂದು ಬಂದು ಕೂರುವುದು, ಮತ್ತೆ ಏಳುವುದು. ಆಂಜಿನಯ್ಯನ ಕಾಯಿಲೆ ನಿಮಗೆ ಅಂಟಿತೇ ಎಂದು ಆಂಡಾಳ್ ಕೇಳಿದಳು. ನಾರಾಯಣಮ್ಮನ ಫೋನಿನಿಂದ ಅಷ್ಟಿಷ್ಟು ತಿಳಿಯುತ್ತಿತ್ತು. ಮಾಸ್ಕ್ ಹಾಕಿಕೊಂಡರೆ ಆನೆಯ ಸೊಂಡಿಲು ಬಂದ ಹಾಗೆ ಕಾಣುತ್ತಾನಂತೆ. ಮೊದಮೊದಲು ಹಾಕುವುದು, ತೆಗೆಯುವುದು, ಹಾಕುವುದು, ತೆಗೆಯುವುದು, ಬರೀ ಇದೇ ಕೆಲಸವಂತೆ. ತಾನೇ ತೆಗೆಯಬಹುದು ಎನ್ನುವುದು ನಿಜವೋ ಸುಳ್ಳೋ ಎಂದು ನೋಡುತ್ತಿದ್ದನೋ ಏನೋ. ಆಮೇಲೆ ಮೇಜಿನ ಮೇಲಿನ ದಿಂಬುಗಳು ಮಂಚಕ್ಕೆ ಹೋದವು. ಚೆಂಡಿನ ಡಬ್ಬಿಯನ್ನು ನೆಟ್ಟಗೆ ಹಿಡಿಯುತ್ತಾನೆ, ಒಂದೇ ಚೆಂಡು ಏರುತ್ತದೆ ಎಂದಳು.

ಮೊನ್ನೆ ಮಧ್ಯಾಹ್ನ ಊಟವಾಗಿ ಕೂತಿದ್ದೆ. ಗೇಟು ಸದ್ದಾಯಿತು. ನಾನು ಏಳಲಿಲ್ಲ, ಎದ್ದು ಎದ್ದು ಸಾಕಾಗಿತ್ತು. ಆಂಜಿನಯ್ಯ ತಾನೇ ಒಳಗೆ ಬಂದ. ಸ್ವಲ್ಪ ಮೈ ತುಂಬಿಕೊಂಡಿದ್ದ. ಡಾಕ್ಟರು ಬರುವ ತಿಂಗಳು ಮತ್ತೆ ಎಣಿಸುತ್ತಾಳೆ, ನೀವೂ ಬರಬೇಕು ಎಂದ. ಈಗ ಎಷ್ಟಾಗಿದೆ ಎಂದು ಕೇಳಿದೆ. ಬಂದು ನೋಡಿ ಎಂದ. ಜಂಬದಿಂದ ಹೇಳಿದನೋ ಹೆದರಿಕೆಯಿಂದಲೋ ತಿಳಿಯಲಿಲ್ಲ. ಆಂಡಾಳ್ ಕಾಫಿ ತರಲು ಹೋದಳು. ಅವನು ಒಮ್ಮೆ ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಆಮೇಲೆ ನಮ್ಮ ಹಾಲಿನ ದಿವಾನದ ಮೇಲಿದ್ದ ದಿಂಬುಗಳನ್ನು ಒಂದರ ಮೇಲೊಂದು ಇಟ್ಟು, ನಿಧಾನವಾಗಿ, ಎಲ್ಲೋ ಬೀಳುತ್ತೇನೆಂಬ ಹಾಗೆ ಅಂಚು ಹಿಡಿದುಕೊಂಡು ಒರಗಿದ.

‘ಏನಾದ್ರೂ ಹೇಳಿ ಮೇಷ್ಟ್ರೇ’ ಎಂದ. ‘ಆ ಬಸ್ಸಿನ ಕಥೆ ಹೇಳಿ.’

ನಾನು ಕಲಾಸಿಪಾಳ್ಯದಿಂದ ಬಸ್ಸು ಹೊರಡಿಸಿದೆ. ಕೆಂಗೇರಿ ಬಂತು. ಅವನ ಬೆರಳು ಅಂಚನ್ನು ಬಿಟ್ಟಿತು. ಬಿಡದಿ ಹತ್ತಿರವಾಗುವಾಗ ಕಣ್ಣು ಮುಚ್ಚಿತ್ತು. ಬೆಚ್ಚಿ ಏಳುತ್ತಾನೇನೋ ಎಂದು ಕಾದೆ. ಏಳಲಿಲ್ಲ. ಆಂಡಾಳ್ ಕಾಫಿ ಲೋಟ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತು, ನಿಲ್ಲಿಸಿ ಎಂದು ನನಗೆ ಕಣ್ಣಲ್ಲೇ ಹೇಳಿದಳು. ಮದ್ದೂರು ಇನ್ನೂ ದೂರವಿತ್ತು. ಬಸ್ಸನ್ನು ಬಿಡದಿಯಲ್ಲೇ ನಿಲ್ಲಿಸಿ, ಕುರ್ಚಿಯನ್ನು ಸದ್ದಾಗದ ಹಾಗೆ ಹತ್ತಿರ ಎಳೆದುಕೊಂಡು, ಅವನ ಕೊರಳ ಬುಡದ ಗುಳಿಯನ್ನೇ ನೋಡುತ್ತಾ ಕೂತೆ.